ದ್ವಾದಶಿ ಬೆಳಿಗ್ಗೆ ಬಂದ ರೈಲು

ಆಗ ನನಗೆ ಇಪ್ಪತ್ತಾರು. ಅರವತ್ತು ವರ್ಷಕ್ಕೂ ಮೇಲಿನ ಮಾತು. ಅಲ್ಲಿಯವರೆಗೆ ಇಂಥದ್ದನ್ನು ನಾನು ನಂಬಿದವಳಲ್ಲ. ಊರಲ್ಲಿ ಹೆಂಗಸರು ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದರು ಎಂದು ಶುರು ಮಾಡಿದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದು ಹೇಗೆ? ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನದು ಕುಂದಾಪುರದ ಕಡೆ. ಯಜಮಾನರು ಮದರಾಸಿನ ಟಿ. ನಗರದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಮಲಗುವುದೂ ಅಲ್ಲೇ ಅಟ್ಟದಲ್ಲಿ. ಹೆಂಡತಿಯನ್ನು ಇಟ್ಟುಕೊಳ್ಳಲು ಜಾಗವೆಲ್ಲಿ? ಹಾಗಾಗಿ ನನ್ನನ್ನು ಗಿಂಡಿ ದಾಟಿ ಒಂದು ತೋಟದ ಮನೆಗೆ ಅಡುಗೆಗೆ ಸೇರಿಸಿದರು. ಆಗ ಅಲ್ಲೆಲ್ಲ ಮಾವು, ತೆಂಗು, ಎಮ್ಮೆ. ಸಂಜೆಯಾದರೆ ನರಿ ಕೂಗುತ್ತಿತ್ತು. ಈಗ ಕಾರ್ಖಾನೆಗಳಂತೆ, ತಲೆಯ ಮೇಲೆ ಮೆಟ್ರೋ ಅಂತೆ. ನಾನು ನೋಡಲು ಹೋಗಿಲ್ಲ. ಹೋದರೂ ಆ ಬಾವಿಯ ನೀರು ಸಿಕ್ಕುತ್ತದೆಯೇ? ಅಂಥ ನೀರು ನಾನು ಮತ್ತೆಲ್ಲೂ ಕುಡಿಯಲಿಲ್ಲ.

ತೋಟ ರಾಯರದು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದ ಮಾಧ್ವರು, ಅವರ ಕನ್ನಡದಲ್ಲಿ ಅರ್ಧ ತಮಿಳು. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ರಿಟೈರಾಗಿದ್ದರು. ಬೆಳಿಗ್ಗೆ ಗಿಡಗಳಿಗೆ ನೀರು ಬಿಡಿಸುವುದು, ಆಮೇಲೆ ಹಜಾರದಲ್ಲಿ ಆಟದ ರೈಲು. ಮೂರ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ ಹಳೇ ಇಂಜಿನ್ನು, ಚಾವಿ ಕೊಟ್ಟರೆ ಓಡುವಂಥದ್ದು. ತಗಡು ಕತ್ತರಿಸಿ ತಾವೇ ಹಳಿ ಮಾಡಿದ್ದರು. ಬಿಸ್ಕತ್ತಿನ ಡಬ್ಬ ಸುರಂಗ, ತೆಂಗಿನ ಚಿಪ್ಪು ಬೆಟ್ಟ. ಸ್ಟೇಷನ್ನುಗಳಿಗೆ ಬಾವಿ, ಮಾವು, ಎಮ್ಮೆಕೊಟ್ಟಿಗೆ ಎಂದು ಹೆಸರು. ಕಡೇ ಸ್ಟೇಷನ್ನು ಅಡುಗೆಮನೆ. ಅಷ್ಟು ದೊಡ್ಡ ಗಂಡಸು ನೆಲದ ಮೇಲೆ ಮೊಣಕಾಲೂರಿ ಹರಿದಾಡುವುದನ್ನು ನೋಡಿ ಮೊದಲ ವಾರ ನನಗೆ ನಗು ತಡೆಯಲಾಗಲಿಲ್ಲ.

ಅಡುಗೆಮನೆಗೆ ರೈಲು ಬಂದದ್ದಕ್ಕೆ ಕಾರಣ ದೊಡ್ಡಮ್ಮ, ರಾಯರ ತಾಯಿ. ಎಂಬತ್ತರ ಹತ್ತಿರದ ಮುದುಕಿ, ಕೆಂಪು ಸೀರೆ, ಭಾರೀ ಮಡಿ. ಅಡುಗೆಮನೆಯಲ್ಲೇ ಇದ್ದ ದೇವರಿಗೆ ಅವರು ಮಾಡುವ ಪೂಜೆಗೆ ತುಳಸಿಯನ್ನು ತಾವೇ ಕೊಯ್ದು ಕೊಡಬೇಕೆಂದು ರಾಯರಿಗೆ ಆಸೆ. ಆದರೆ ಮಿಂದ ಮರುಗಳಿಗೆಯೇ ಇಂಜಿನ್ನು ಮುಟ್ಟಿ ಕೈಗೆ ಎಣ್ಣೆ ಮೆತ್ತಿಕೊಳ್ಳುವ ಮಗನನ್ನು ಆಕೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಕೊನೆಗೆ ಗೋಡೆಯ ಬುಡದಲ್ಲಿ ಒಂದು ಕಿಂಡಿ ಕೊರೆಸಿ ಹಳಿ ಹಾಕಿದರು. ತಗಡು ಮೈಲಿಗೆ ಎಂದು ದೊಡ್ಡಮ್ಮ ತಕರಾರು ತೆಗೆದಾಗ ಒಂದು ಬೋಗಿಗೆ ಹಳೇ ಪೀತಾಂಬರದ ಚೂರು ಹಾಸಿದರು. ರೇಷ್ಮೆಗೆ ಮೈಲಿಗೆ ತಾಕುವುದಿಲ್ಲವಲ್ಲ. ತುಳಸಿಯನ್ನು ಬಾಳೆಲೆಯ ತುದಿಯಿಂದ ಎತ್ತಿ ಅದರ ಮೇಲೆ ಇಡುವುದು.

ದಿನವೂ ದೊಡ್ಡಮ್ಮ ತೀರ್ಥದ ಪಂಚಪಾತ್ರೆಯನ್ನು ಅದರ ಚಮಚ, ಉದ್ಧರಣೆಯಿಂದ ಟಣ್ ಎಂದು ಬಡಿಯುತ್ತಿದ್ದರು. ಅದು ಸಿಗ್ನಲ್.

"ಏ ಶೀನು, ಎಲ್ಲೋ ನಿನ್ನ ರೈಲು? ಹಸಿದು ಸಾಯ್ಬೇಕೇನೋ ನಾನು?"

"ಸಿಗ್ನಲ್ ಲೇಟಾಗಿ ಕೊಟ್ಟು ಡ್ರೈವರ್ ಮೇಲೆ ಕೋಪ ಮಾಡ್ಕೊಂಡ್ರೆ ಹೆಂಗಮ್ಮಾ?"

ತುಳಸಿ ಬಂದು ಪೂಜೆಯಾದ ಮೇಲೆಯೇ ಆಕೆಯ ಊಟ. ಅದಕ್ಕೆ ಮೊದಲು ತೊಟ್ಟು ನೀರೂ ಇಲ್ಲ.

ಆ ವರ್ಷ ರಾಯರಿಗೆ ಹೊಟ್ಟೆನೋವು ಜೋರಾಯಿತು. ದಶಮಿಯ ದಿನ ಬೆಳಿಗ್ಗೆ ತುಳಸಿ ಕಳಿಸಿಯೇ ಕೀಲ್ಪಾಕ್ ಕಡೆಯ ಆಸ್ಪತ್ರೆಗೆ ಹೊರಟರು, ಜೊತೆಗೆ ಅವರ ಹೆಂಡತಿ. ಟ್ಯಾಕ್ಸಿ ಹತ್ತುವಾಗ ತಾಯಿಗೆ, "ಬರೀ ಪರೀಕ್ಷೆ ಅಮ್ಮಾ. ದ್ವಾದಶಿ ಬೆಳಿಗ್ಗೆ ರೈಲು ಬರತ್ತೆ, ನೋಡ್ತಿರು," ಎಂದರು. ಅಷ್ಟರೊಳಗೆ ವಾಪಸು ಬರುತ್ತೇನೆಂದು ಅವರ ಲೆಕ್ಕ. ಡಾಕ್ಟರು ಬಿಡಲಿಲ್ಲ, ಆಪರೇಷನ್ ಆಗಬೇಕೆಂದರು. ದೊಡ್ಡಮ್ಮ ದಶಮಿಯ ದಿನ ಅನ್ನ ಕೆದಕಿ ಎದ್ದರು. ಏಕಾದಶಿ ಒಣ ಉಪವಾಸ. ದ್ವಾದಶಿ ಬೆಳಿಗ್ಗೆ ನಾನು ಕತ್ತಲಲ್ಲೇ ಎದ್ದು ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಅನ್ನ ಮಾಡಿಟ್ಟೆ. ಆಕೆ ಗೋಡೆಗೆ ಒರಗಿ ಕಿಂಡಿಯನ್ನೇ ನೋಡುತ್ತ ಕೂತಿದ್ದರು. ತುಟಿ ಒಡೆದಿತ್ತು.

"ದೊಡ್ಡಮ್ಮ, ರಾಯರು ಬರುವುದು ತಡವಾಗ್ತದೆ. ನೀವು ಊಟ ಮಾಡಿ."

"ಕಳಿಸ್ತೀನಿ ಅಂದಿದ್ದಾನೆ. ಬರಲಿ."

ಹೀಗೇ ಬಿಟ್ಟರೆ ಮಧ್ಯಾಹ್ನಕ್ಕೆ ಜೀವ ಹೋಗುತ್ತದೆ ಎನ್ನಿಸಿತು. ರಾಯರು ಆಸ್ಪತ್ರೆಯಿಂದ ಎದ್ದು ಬಂದರೆ ಏನು ಹೇಳುವುದು? ಒಂದು ಉಪಾಯ ಮಾಡಿದೆ. ಹಿತ್ತಲಿಗೆ ಹೋಗಿ ತುಳಸಿ ಕೊಯ್ದು, ಹಜಾರದಲ್ಲಿ ಇಂಜಿನ್ನಿಗೆ ಚಾವಿ ಕೊಟ್ಟು ಬಿಟ್ಟೆ. ರೈಲು ಒಳಗೆ ಹೋಯಿತು. ಒಳಗಿಂದ ದನಿ ಬಂತು: "ಏ ಕುಂದಾಪುರ, ಬಾರೇ ಇಲ್ಲಿ. ಇದು ಈಗ ಕೊಯ್ದದ್ದು, ಇಬ್ಬನಿ ಆರಿಲ್ಲ. ದ್ವಾದಶಿ ದಿನ ನನ್ನ ಶೀನು ತುಳಸಿ ಗಿಡ ಮುಟ್ತಾನೇನೇ?"

ದ್ವಾದಶಿಯಲ್ಲಿ ತುಳಸಿ ಕೊಯ್ಯಬಾರದು, ಹಿಂದಿನ ದಿನವೇ ಕೊಯ್ದಿಡಬೇಕು. ನನಗೆ ಗೊತ್ತಿಲ್ಲದ್ದಲ್ಲ, ಗಾಬರಿಯಲ್ಲಿ ಮರೆತೆ. ಮುದುಕಿಗೆ ಮೋಸ ಮಾಡಲು ಹೋಗಿ ಬೈಸಿಕೊಂಡದ್ದಾಯಿತು. ಸಿಟ್ಟಿನಲ್ಲಿ ಆ ತುಳಸಿಯನ್ನು ಹಿತ್ತಲಿಗೆ ಹಾಕಿ, ಇಂಜಿನ್ನು, ಬರಿದಾದ ಬೋಗಿ ಎಲ್ಲ ಎತ್ತಿ ತಂದು ಹಜಾರದಲ್ಲಿ ಕುಕ್ಕಿದೆ. ಚಾವಿ ಪೂರ್ತಿ ಇಳಿದು ಚಕ್ರ ನಿಂತಿತ್ತು. ಕೋತಿ ಬರುತ್ತದೆಂದು ಹಜಾರದ ಬಾಗಿಲಿಗೆ ಒಳಗಿಂದ ಅಗಳಿ ಹಾಕಿದೆ. ಇಂಜಿನ್ನು ಮುಟ್ಟಿದ ಮೇಲೆ ಮಡಿ ಎಲ್ಲಿ? ಹಿಂಬಾಗಿಲಿಂದ ಬಾವಿಗೆ ಹೋಗಿ, ಕೈಯಲ್ಲೇ ಉಳಿದಿದ್ದ ಇಂಜಿನ್ನಿನ ಚಾವಿಯನ್ನು ಕಟ್ಟೆಯ ಮೇಲಿಟ್ಟು, ತಲೆಗೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಬಂದು ದೊಡ್ಡಮ್ಮನ ಎದುರು ಕೂತೆ.

ಆಕೆ ಉದ್ಧರಣೆ ಎತ್ತಿ ಬಡಿದರು. ಕೈಯಲ್ಲಿ ಬಲವಿಲ್ಲ, ಸದ್ದೂ ಸರಿಯಾಗಿ ಬರಲಿಲ್ಲ.

"ಸುಮ್ನಿರಿ ದೊಡ್ಡಮ್ಮ, ಅಲ್ಲಿ ಯಾರೂ ಇಲ್ಲ," ಎಂದೆ.

ಹಜಾರದಲ್ಲಿ ಟಿಕಿಟಿಕಿ ಶುರುವಾಯಿತು. ಸುರಂಗದೊಳಗೆ ಹೋದಾಗ ಸದ್ದು ದಪ್ಪವಾಗುತ್ತಿತ್ತು. ಹಾಗೇ ಆಯಿತು, ಮತ್ತೆ ತೆಳುವಾಯಿತು. ಕಿಂಡಿಯಿಂದ ಇಂಜಿನ್ನು ಬಂತು, ಹಿಂದೆ ಪೀತಾಂಬರದ ಬೋಗಿ, ಅದರಲ್ಲಿ ತುಳಸಿ. ಬಾಡಿದ ತುಳಸಿ. ನಿನ್ನೆ ಕೊಯ್ದಿಟ್ಟರೆ ಹೇಗಿರುತ್ತದೋ ಹಾಗೆ.

ದೊಡ್ಡಮ್ಮನಿಗೆ ಏನೂ ಆಶ್ಚರ್ಯವಾದಂತೆ ಕಾಣಲಿಲ್ಲ. ತುಳಸಿ ತೆಗೆದು ದೇವರಿಗೆ ಏರಿಸಿ, ತೀರ್ಥ ತೆಗೆದುಕೊಂಡು, "ಬಾಯಿ ಬಿಟ್ಕೊಂಡು ಏನೇ ನೋಡ್ತೀಯ? ಎಲೆ ಹಾಕು," ಎಂದರು. ಬಡಿಸಿದೆ. ಉಂಡರು.

ಆಮೇಲೆ ಹೋಗಿ ನೋಡಿದೆ. ಅಗಳಿ ಹಾಕಿದ ಹಾಗೇ ಇತ್ತು. ಚಾವಿ ಬಾವಿಕಟ್ಟೆಯ ಮೇಲೆ ಒದ್ದೆಯಾಗಿ ಬಿದ್ದಿತ್ತು. ತೋಟದಾಳು ಮುನುಸಾಮಿಯನ್ನು ಕೇಳಿದೆ. ಅವನು ಮನೆಯೊಳಗೆ ಕಾಲಿಡುವವನೇ ಅಲ್ಲ. "ನಾನಾ? ನಲ್ಲಾ ಕೇಟ್ಟೀಂಗಮ್ಮಾ!" ಎಂದ, ಚೆನ್ನಾಗಿ ಕೇಳಿದಿರಿ ಎಂದು ನನ್ನನ್ನೇ ಹಾಸ್ಯ ಮಾಡಿದ. ಸ್ಪ್ರಿಂಗು ಎಲ್ಲೋ ಸಿಕ್ಕಿಕೊಂಡಿದ್ದು ಆಮೇಲೆ ಬಿಟ್ಟುಕೊಂಡಿರಬಹುದು ಎಂದು ನನ್ನ ಯಜಮಾನರು ಹೇಳಿದರು. ಇರಬಹುದು. ಬಾಡಿದ ತುಳಸಿ ಎಲ್ಲಿಂದ ಬಂತು?

ರಾಯರು ಗುಣವಾಗಿ ಬಂದರು, ಎಷ್ಟೋ ವರ್ಷ ಬದುಕಿದರು. ಅವರನ್ನೂ ಕೇಳಿದೆ. ಆಪರೇಷನ್ ಅದೇ ದಿನ ಬೆಳಿಗ್ಗೆ ಆಗಿತ್ತು, ಯಾವ ಹೊತ್ತಿಗೆಂದು ಅವರಿಗೆ ನೆನಪಿಲ್ಲ. ಕನಸು ಗಿನಸು ಏನೂ ಬೀಳಲಿಲ್ಲವಂತೆ. "ನೀನೂ ಅಮ್ಮನ ಜೊತೆ ಉಪವಾಸ ಇದ್ಯೇನಮ್ಮಾ? ತಲೆ ಸುತ್ತಿರ್ಬೇಕು," ಎಂದರು. ನಾನು ಉಪವಾಸ ಇರಲಿಲ್ಲ. ಏಕಾದಶಿಗೆ ಅವಲಕ್ಕಿ ತಿಂದಿದ್ದೆ. ಇಷ್ಟು ವರ್ಷ ಯೋಚಿಸಿದರೂ ನನಗೆ ತಲೆಬುಡ ಸಿಕ್ಕಿಲ್ಲ.

ದ್ವಾದಶಿಯ ಮರುದಿನ ಬೆಳಿಗ್ಗೆ ನಾನು ಇಂಜಿನ್ನನ್ನು ಮುಟ್ಟಲಿಲ್ಲ. ಹಜಾರಕ್ಕೇ ಹೋಗಲಿಲ್ಲ. ಮಿಂದು ಅನ್ನ ಬಸಿದು, ಇವತ್ತೂ ಈಕೆ ಹಟ ಹಿಡಿದರೆ ಏನು ಮಾಡುವುದೆಂದು ಹೆದರುತ್ತ ಕೂತೆ. ದೊಡ್ಡಮ್ಮ ಸಿಗ್ನಲ್ ಬಡಿದರು. ಏನೂ ಬರಲಿಲ್ಲ. ಇನ್ನೊಂದು ಸಲ ಬಡಿದರು. ಸ್ವಲ್ಪ ಹೊತ್ತು ಕಿಂಡಿಯ ಕಡೆ ನೋಡಿ, "ಇವತ್ತು ಅವನಿಗೆ ಆಯಾಸ ಅಂತ ಕಾಣತ್ತೆ. ಮಲಗಿರಲಿ. ನೀನೇ ನಾಕು ದಳ ತುಳಸಿ ಕೊಯ್ದು ತಾ, ಆಮೇಲೆ ಬಡಿಸೇ," ಎಂದರು.

ಕೊಯ್ದು ತಂದೆ, ಬಡಿಸಿದೆ. ಅನ್ನ ಎರಡನೇ ಸಲವೂ ಹಾಕಿಸಿಕೊಂಡರು.