ಹರಿಗೋಲಿನಲ್ಲಿ ಬಂದ ಮದುಮಗಳು

ಕೇರಳದ ದೋಣಿಮನೆಯಲ್ಲಿ ಎರಡು ದಿನ ತೇಲಿ ಮಧುಗಿರಿಗೆ ವಾಪಸಾದ ನಾನು, ಅದೇ ಜಂಬದಲ್ಲಿ ಊರಿಗೆ ಹೋಗಿ ದೊಡ್ಡಮ್ಮನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವಳು ಒಂದೊಂದನ್ನೇ ಸರಿಸಿ ನೋಡಿ, "ಚೆನ್ನಾಗೈತೆ ಕಣೆ. ನಾನು ಮದ್ವೆಯಾಗಿ ಈ ಮನೆಗೆ ಬಂದಿದ್ದೂ ನೀರಿನ ಮ್ಯಾಲೇ" ಎಂದಳು.

ಜಗಲಿಯಲ್ಲಿದ್ದ ದೊಡ್ಡಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, "ಸುರು ಆಯ್ತಾ ನಿನ್ನ ಪುರಾಣ?" ಎಂದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಇಬ್ಬರೂ ಅದೇ ಜಾತಿ.

ಈ ಜಗಳ ನಾನು ಹುಟ್ಟುವ ಮೊದಲಿನದು. ದೊಡ್ಡಮ್ಮನ ತವರು ಕೊಡಿಗೇನಹಳ್ಳಿ ಕಡೆ, ಜಯಮಂಗಲಿ ಹೊಳೆಯ ಆಚೆ ದಡ. ನಮ್ಮೂರು ಈಚೆ ದಡ, ಸ್ವಲ್ಪ ಕೆಳಗೆ. ಅವಳ ಪ್ರಕಾರ ಮದುವೆಯ ದಿನ ಹೊಳೆ ತುಂಬಿತ್ತು. ದಿಬ್ಬಣದವರು ಗಾಡಿ ಕಟ್ಟಿಕೊಂಡು ಸೇತುವೆ ಬಳಸಿ ಹೊರಟರು. ಅಷ್ಟು ಸುತ್ತಿದರೆ ಮನೆ ತುಂಬಿಸಿಕೊಳ್ಳುವ ಗಳಿಗೆ ಮೀರುತ್ತದೆಂದು ಅವಳ ಸೋದರಮಾವ ಗಂಡುಹೆಣ್ಣನ್ನು ಮಾತ್ರ ಹರಿಗೋಲಿಗೆ ಹತ್ತಿಸಿ ತಾನೇ ಹುಟ್ಟು ಹಾಕಿದನಂತೆ.

ಆ ಸೋದರಮಾವ ಈಗಿಲ್ಲ, ದಿಬ್ಬಣದ ಹಿರಿಯರೂ ಇಲ್ಲ. ನಾವು ಮಕ್ಕಳು ಕಂಡ ಹೊಳೆಯೋ ಬರೀ ಮರಳು. ಅದರಲ್ಲಿ ಕ್ರಿಕೆಟ್ ಆಡಿ ಬೆಳೆದವರು ನಾವು. ಉಳಿದ ಒಬ್ಬನೇ ಸಾಕ್ಷಿ ದೊಡ್ಡಪ್ಪ. ಅವನು ನೆಂಟರ ಮುಂದೆಲ್ಲ, "ಗಾಡೀಲಿ ನಿದ್ದೆ ಹೊಡ್ಕಂಡು ಬಂದ್ಲು, ಕನಸು ಕಂಡವ್ಳೆ ಬುಡ್ರಿ" ಎಂದು ನಗಿಸುತ್ತಿದ್ದ. ನಾವೂ ನಗುತ್ತಿದ್ದೆವು. ಮೊಮ್ಮಕ್ಕಳಂತೂ ಅವಳಿಗೆ ಹಡಗಿನಜ್ಜಿ ಎಂದೇ ಹೆಸರಿಟ್ಟಿದ್ದವು. ದೊಡ್ಡಮ್ಮನೂ ಜೊತೆಯಲ್ಲಿ ನಗುವಳು. ಆದರೆ ಅವತ್ತು ಫೋನು ವಾಪಸು ಕೊಡುತ್ತಾ ಮೆಲ್ಲಗೆ, "ನಾನು ಇರೋದ್ರೊಳಗೆ ಒಬ್ರಾದ್ರೂ ನಂಬಿದ್ರೆ ಸಾಕು ಕಣೆ" ಎಂದಳು.

ಆ ವರ್ಷ ಮಳೆ ಹುಚ್ಚೆದ್ದು ಬಂತು. ಕೊರಟಗೆರೆಯಿಂದ ಕೆಳಗಿನ ಕೆರೆಗಳೆಲ್ಲ ಕೋಡಿ ಬಿದ್ದು ಹೊಳೆಗೆ ನೀರು ಬಂತು. ನಮ್ಮೂರ ಚೆಕ್ ಡ್ಯಾಮಿನ ಹಿಂದೆ ನಿಂತ ನೀರು ದೊಡ್ಡಮ್ಮನ ತವರಿನವರೆಗೂ ಹಬ್ಬಿತು. ಸಾವಿರ ಅಡಿ ಬೋರು ಕೊರೆಸಲು ಅಂಜದ ನಮ್ಮ ಜನ ದಡದಲ್ಲಿ ನಿಂತು ಚಪ್ಪಲಿ ನೆನೆಯದಂತೆ ಸೆಲ್ಫಿ ತೆಗೆದುಕೊಂಡರು. ಪಾವಗಡ ಕಡೆಯ ಮೀನು ಹಿಡಿಯುವವನೊಬ್ಬ ಫೈಬರಿನ ಹರಿಗೋಲು ತಂದು ಭಾನುವಾರಗಳಲ್ಲಿ ಜನರನ್ನು ಸುತ್ತಾಡಿಸತೊಡಗಿದ. ನಾನು ದೊಡ್ಡಮ್ಮನಿಗೆ, "ನಡಿ, ತವರಿಗೆ ನೀರ ಮೇಲೇ ಹೋಗೋಣ" ಎಂದೆ. ಅವಳು ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಳು.

ದೊಡ್ಡಪ್ಪ ಮಾತ್ರ ಮೊಣಕಾಲು ನೋವು, ಎಮ್ಮೆ ಕಟ್ಟಬೇಕು ಎಂದು ನೂರೆಂಟು ನೆಪ ತೆಗೆದ. "ಹೆದರಿಕೇನಾ ದೊಡ್ಡಪ್ಪ?" ಎಂದು ಕೆಣಕಿದೆ.

"ಯಾರ್ಗೆ? ನಂಗಾ?" ಎಂದವನು ಹೊರಟೇಬಿಟ್ಟ. ಬಿಳಿ ಪಂಚೆ, ಹೆಗಲಲ್ಲಿ ಟವೆಲು, ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತ. ನಿದ್ದೆ ಬರುತ್ತಿದೆ ಎಂದ.

ಹರಿಗೋಲು ಸಾವಕಾಶವಾಗಿ ಹೊರಟಿತು. ನಾನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದ ಊರುಗಳು, ನೀರಿನಿಂದ ನೋಡಿದರೆ ಹೊಸದಾಗಿ ಸುಣ್ಣ ಬಳಿದಂತಿದ್ದವು. ಕಡಲೆಕಾಯಿ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿಕೊಂಡು ಕೈ ಬೀಸಿದರು. ಹೊಂಗೆ ನೆರಳಲ್ಲಿ ಹುಡುಗಿಯರು ಕೋಲಾಟ ಕಲಿಯುತ್ತಿದ್ದರು. ಒಬ್ಬಳ ಕೋಲು ತಪ್ಪಿ ಪಕ್ಕದವಳ ಬೆರಳಿಗೆ ಬಿದ್ದು ತೆಲುಗಿನಲ್ಲೊಂದು, ಕನ್ನಡದಲ್ಲೊಂದು ಬೈಗುಳ ನೀರಿನ ಮೇಲೆ ತೇಲಿ ಬಂತು. ಮುಂದೆ ಹೆಂಗಸರು ಗಂಗಮ್ಮನ ಪೂಜೆ ಮಾಡುತ್ತಿದ್ದರು. ನಮ್ಮನ್ನು ಕರೆದು ನಿಲ್ಲಿಸಿ ತಂಬಿಟ್ಟು ಕೊಟ್ಟರು. ನನ್ನ ಕೇರಳದ ದೋಣಿಮನೆಯಲ್ಲಿ ಯಾರೂ ಹೀಗೆ ಕೂಗಿ ಕರೆದಿರಲಿಲ್ಲ. ದೊಡ್ಡಪ್ಪ ಕಣ್ಣು ಬಿಡದೆಯೇ ತಂಬಿಟ್ಟು ತಿಂದ.

ನಡುಹೊಳೆಗೆ ಬಂದಾಗ ಹುಟ್ಟು ಹಾಕುವವನಿಗೆ ಹುರುಪು ಬಂತು. "ಒಂದು ರೌಂಡ್ ತಿರುಗಿಸ್ತೀನಿ, ಏಮೀ ಕಾದು, ಏನೂ ಆಗಲ್ಲ, ಎಲ್ರೂ ಇದನ್ನೇ ಕೇಳ್ತಾರೆ" ಎಂದು ಹರಿಗೋಲನ್ನು ಗರಗರ ತಿರುಗಿಸಿಯೇ ಬಿಟ್ಟ. ಗದ್ದೆ, ಗುಡ್ಡ, ಹೊಂಗೆ ಎಲ್ಲ ನಮ್ಮ ಸುತ್ತ ಓಡಿದವು. ದೊಡ್ಡಪ್ಪ ದೊಡ್ಡಮ್ಮನ ಸೆರಗು ಹಿಡಿದು ಕಿರುಚಿದ:

"ನಿಲ್ಸಲಾ! ಅವತ್ತು ಇವಳ ಸೋದರಮಾವನೂ ಇಂಗೇ ತಿರುಗ್ಸಿ ನನ್ನ ಪ್ರಾಣ ತೆಗ್ದಿದ್ದ ಕಣ್ಲಾ!"

ಹರಿಗೋಲು ನಿಂತಿತು. ನಾನು ಹೊಟ್ಟೆ ಹಿಡಿದು ನಕ್ಕೆ. ದೊಡ್ಡಪ್ಪ ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡ. ದೊಡ್ಡಮ್ಮ ಮಾತ್ರ ನಗಲಿಲ್ಲ. ಸೆರಗು ಹಿಡಿದಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟುಕೊಂಡು ದಡ ಬರುವವರೆಗೂ ಹಾಗೇ ಕೂತಿದ್ದಳು.

ತವರಿನ ದಡದಲ್ಲಿ ಇಳಿದ ಮೇಲೆ, ದೊಡ್ಡಪ್ಪ ಬೀಡಿ ಹಚ್ಚಲು ಆಚೆ ಹೋದಾಗ ಕೇಳಿದೆ. "ದೊಡ್ಡಪ್ಪ ಅವತ್ತು ಇಷ್ಟು ಹೆದರಿದ್ದ ಅಂತ ಆಗಲೇ ಹೇಳಿದ್ರೆ ಎಲ್ರೂ ನಂಬ್ತಿದ್ರಲ್ಲ ದೊಡ್ಡಮ್ಮ?"

"ಅವ್ರ ಶಲ್ಯಕ್ಕೂ ನನ್ನ ಸೆರಗಿಗೂ ಗಂಟು ಹಾಕಿದ್ರಲ್ಲ, ಅದನ್ನ ಬಿಚ್ಚಿ, ನಾನು ನಡ್ಕಂಡೇ ಬತ್ತೀನಿ ಅಂತ ಕಣ್ಣೀರು ಹಾಕಿದ್ರು ಕಣೆ. ಹೊಸಿಲು ದಾಟೋಗಂಟ ಗಂಟು ಬಿಚ್ಚಂಗಿಲ್ಲ ಅಂತ ನಮ್ಮ ಸೋದರಮಾವ ಬಿಡ್ಲಿಲ್ಲ. ಕಟ್ಟಿಕೊಂಡೋರ ಪುಕ್ಕಲುತನ ನಾನೇ ಊರಿಗೆ ಸಾರಾದಾ? ಸುಳ್ಳಿ ಅಂದ್ರೆ ಅನ್ಲಿ ಬುಡು."

ಇಷ್ಟು ವರ್ಷ ನಾವು ನಕ್ಕಿದ್ದು ಯಾರನ್ನು ನೋಡಿ!

ಅವಳ ತವರಿನಲ್ಲಿ ಊಟ ಮುಗಿಸಿ ಹೊರಟಾಗ ದೊಡ್ಡಪ್ಪನ ಮೇಲೆ ಕರುಣೆ ಬಂದು, "ಆಟೋ ಕರೆಸ್ತೀನಿ" ಎಂದೆ.

"ಯಾಕೆ? ಹರಿಗೋಲಿಗೇನಾಗೈತೆ?" ಎಂದ ದೊಡ್ಡಪ್ಪ. ನೀರಿನ ಅಂಚಿಗೆ ಬಂದು ಹೆಗಲ ಟವೆಲು ತೆಗೆದು, ನನ್ನ ಕಡೆ ನೋಡದೆ, ಅದರ ತುದಿಯನ್ನು ದೊಡ್ಡಮ್ಮನ ಸೆರಗಿಗೆ ಗಂಟು ಹಾಕಿದ.

"ಬಿಗಿಯಾಗೈತಾ ನೋಡೇ" ಎಂದ.