ಇಪ್ಪತ್ತೊಂದನೆಯ ಸ್ವರ

ಬೀರಲಿಂಗಪ್ಪ ಮೇಷ್ಟ್ರಿಗೆ ಸಂಗೀತವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಜಗಳೂರು ಸೀಮೆಯ ಬಿಳಿಚೋಡಿನಲ್ಲಿ ಅಪ್ಪನ ಕುರಿ ಕಾಯುತ್ತ, ಸಂಜೆ ಭಜನೆಯವರ ಹಾರ್ಮೋನಿಯಂ ಪಕ್ಕ ಕೂತು ಕೂತು ಕಲಿತರು. ಕೈ ಕುದುರಲು ಹನ್ನೊಂದು ವರ್ಷ ಹಿಡಿಯಿತು. ಹೊನ್ನಾಳಿಯ ಒಂದು ಹೈಸ್ಕೂಲಿಗೆ ಸಂಗೀತ ಮೇಷ್ಟ್ರಾಗಿ ಬಂದ ಮೇಲೆ ಅಲ್ಲಿನ ಪ್ರಾರ್ಥನೆಗೆ ತಾವೇ ಧಾಟಿ ಕಟ್ಟಿದರು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಅವರು ನುಡಿಸಿದರು, ಮಕ್ಕಳು ಹಾಡಿದರು.

೨೦೦೩ರ ಜೂನ್‌ನಲ್ಲಿ ಚನ್ನಗಿರಿಯಿಂದ ಸುಧಾ ಎಂಬ ವಿಜ್ಞಾನದ ಟೀಚರ್ ಬಂದರು. ಇಪ್ಪತ್ತಾರರ ಹುಡುಗಿ. ಅವರ ಕೈಯಲ್ಲಿ ಅಂಗೈಯಗಲದ ಒಂದು ಡಿಜಿಟಲ್ ಡೈರಿ. ಅದರಲ್ಲಿ ಫೋನ್ ನಂಬರು, ಟೈಮ್‌ಟೇಬಲ್ಲು, ಅಲಾರಾಂ ಎಲ್ಲ ಇದ್ದವು. ಅಲಾರಾಂ ಬರೀ ಕೀ ಕೀ ಎನ್ನುತ್ತಿರಲಿಲ್ಲ. ಸ್ವರಕ್ಕೊಂದು ಅಂಕೆಯಂತೆ ಒಂದರ ಹಿಂದೊಂದು ಒತ್ತಿದರೆ ನಮಗೆ ಬೇಕಾದ ರಾಗ ಅದರಲ್ಲಿ ಕೂರುತ್ತಿತ್ತು. ಸುಧಾಗೆ ಸಂಗೀತದ ಗಂಧವಿರಲಿಲ್ಲ. ಆದರೂ ಒತ್ತಿ, ಕೇಳಿ, ಅಳಿಸಿ, ಮತ್ತೆ ಒತ್ತಿ, ಗಣಿತದ ಪೀರಿಯಡ್ಡಿಗೊಂದು, ಊಟದ ಬಿಡುವಿಗೊಂದು ರಾಗ ಮಾಡಿದರು. ಸ್ಟಾಫ್ ರೂಮಿನವರು ಅವರ ಸುತ್ತ ಮುತ್ತಿಕೊಂಡರು. ಬೀರಲಿಂಗಪ್ಪನವರು ಕಿಟಕಿಯ ಹತ್ತಿರ ಪೇಪರ್ ಹಿಡಿದು ಕೂತರು. ಒಂದಕ್ಷರವೂ ಓದಲಿಲ್ಲ. ಸುಧಾ ಯಾವ ಗುಂಡಿ ಒತ್ತುತ್ತಾರೆ ಎಂಬುದನ್ನೇ ತಿಂಗಳುಗಟ್ಟಲೆ ಓರೆಗಣ್ಣಿನಲ್ಲಿ ನೋಡಿದರು.

ಆಗಸ್ಟ್‌ನಲ್ಲಿ ಸುಧಾ ಪ್ರಾರ್ಥನೆಯ ಧಾಟಿಯನ್ನೂ ಡೈರಿಗೆ ಹಾಕಿದರು. "ನಿಮ್ಮ ರಾಗಾನೇ ಸಾರ್, ಸರಿ ಬಂದೈತಾ ಕೇಳ್ರಿ" ಎಂದು ಅವರಿಗೇ ಮೊದಲು ಕೇಳಿಸಿದರು. ಸರಿಯಾಗಿಯೇ ಇತ್ತು. ಅದೇ ಅವರಿಗೆ ಚುಚ್ಚಿತು.

"ಹ್ಞೂಂ, ಐತೆ ಬಿಡಮ್ಮ" ಎಂದು ಎದ್ದು ಹೋದರು.

ಹೆಡ್‌ಮಾಸ್ಟರ್ ಬಸವರಾಜಪ್ಪನವರಿಗಂತೂ ಖುಷಿಯೋ ಖುಷಿ. "ಮೇಷ್ಟ್ರೇ, ನಾಳೆಯಿಂದ ಆ ಭಾರದ ಪೆಟ್ಟಿಗೆ ಯಾಕೆ ಹೊತ್ಕೊಂಡು ಬರ್ತೀರಿ? ಮೇಡಂ ಡೈರೀನ ಮೈಕಿಗೆ ಹಿಡಿದ್ರೆ ಆತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೀರಲಿಂಗಪ್ಪನವರಿಗೆ ಅನ್ನ ಕಿತ್ತುಕೊಂಡಂತಾಯಿತು.

ಒಂದು ವಾರ ತಡೆದರು. ಎಂಟನೆಯ ದಿನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮ್ ಖಾಲಿಯಿತ್ತು, ಡೈರಿ ಮೇಜಿನ ಮೇಲಿತ್ತು. ಪ್ರಾರ್ಥನೆಯ ರಾಗ ತೆರೆದು, ಇಪ್ಪತ್ತೊಂದನೆಯ ಸ್ವರಕ್ಕೆ ಎಣಿಸಿ ಹೋಗಿ, ಆರನ್ನು ಅಳಿಸಿ ಏಳು ಮಾಡಿದರು. ಹಾರ್ಮೋನಿಯಂನಲ್ಲಾದರೆ ಬಿಳಿ ಮನೆ ಬಿಟ್ಟು ಪಕ್ಕದ ಕರಿ ಮನೆ ಒತ್ತಿದ ಹಾಗೆ. ನಾಳೆ ಎಲ್ಲರೆದುರು ಅಪಸ್ವರ ಕೇಳಲಿ, ಮಕ್ಕಳು ನಗಲಿ, ಆಗ ಗೊತ್ತಾಗುತ್ತದೆ ಎಂದುಕೊಂಡರು.

ಮರುದಿನ ಮೈಕಿನಲ್ಲಿ ಆ ಸ್ವರ ಬಂದಾಗ ಅವರ ಕಿವಿಗೆ ಮುಳ್ಳು ಹೊಕ್ಕಂತಾಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಯಾರೂ ನಗಲಿಲ್ಲ. ಬಸವರಾಜಪ್ಪನವರು ಕಣ್ಣು ಮುಚ್ಚಿ ತಲೆದೂಗಿದರು.

ಕೆಟ್ಟದ್ದು ಆಮೇಲೆ ಆಯಿತು. ಮಕ್ಕಳು ಡೈರಿಯ ಹಿಂದೆಯೇ ಹಾಡತೊಡಗಿದರು. ಹದಿನೈದು ದಿನದಲ್ಲಿ ನಾನೂರು ಮಕ್ಕಳ ಬಾಯಲ್ಲಿ ಆ ತಪ್ಪು ಸ್ವರ ಗಟ್ಟಿಯಾಗಿ ಕೂತಿತು. ಸಂಗೀತದ ಪೀರಿಯಡ್ಡಿನಲ್ಲಿ ತಿದ್ದಲು ಹೋದರೆ ಒಂಬತ್ತನೆಯ ಕ್ಲಾಸಿನ ರಕ್ಷಾ ಎದ್ದು ನಿಂತಳು.

"ಸಾರ್, ನೀವು ಹೇಳ್ಕೊಡೋದು ಬೇರೆ ಥರ ಐತೆ. ಡೈರೀಲಿ ಹಿಂಗೆ ಬರ್ತೈತೆ."

ತಾವೇ ಕಟ್ಟಿದ ಧಾಟಿಯನ್ನು ತಾವೇ ತಪ್ಪು ಹೇಳಿಕೊಡುತ್ತಿದ್ದೇವೆ ಎನ್ನಿಸಿಕೊಂಡ ಮೇಲೆ ಅವರಿಂದ ತಡೆಯಲಾಗಲಿಲ್ಲ. ಅಂದೇ ಮಧ್ಯಾಹ್ನ ಲ್ಯಾಬಿಗೆ ಹೋದರು. ಸುಧಾ ಗಾಜಿನ ನಳಿಕೆ ತೊಳೆಯುತ್ತಿದ್ದರು.

"ಮೇಡಂ, ಪ್ರಾರ್ಥನೇಲಿ ಒಂದು ಸ್ವರ ತಪ್ಪೈತೆ. ಸರಿ ಮಾಡ್ರಿ."

"ಹೌದಾ ಸಾರ್? ನಂಗೇನು ಗೊತ್ತಾಗ್ತೈತೆ? ಎಲ್ಲಿ ಅಂತ ಹೇಳ್ರಿ" ಎಂದು ಸುಧಾ ಕೈ ಒರೆಸಿಕೊಂಡು ಡೈರಿ ತೆಗೆದರು.

"ಇಪ್ಪತ್ತೊಂದನೇದು. ಏಳು ಇರೋದನ್ನ ಆರು ಮಾಡ್ರಿ."

ಸುಧಾ ಬೆರಳಿಟ್ಟು ಎಣಿಸಿದರು. ಏಳೇ ಇತ್ತು. ಆಮೇಲೆ ಬ್ಯಾಗಿನಿಂದ ತಾವು ಅಂಕೆ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ ತೆಗೆದು ನೋಡಿದರು. ಅದರಲ್ಲಿ ಆರಿತ್ತು.

"ನಾನು ಆರೇ ಹಾಕಿದ್ದೆ ಸಾರ್. ಡೈರೀಲಿ ಏಳು ಐತೆ ಅಂತ ನಿಮಗೆ ಹೆಂಗೆ ಗೊತ್ತು?"

ಕಿವಿಯಿಂದಲೇ ಗೊತ್ತಾಯಿತು ಎನ್ನಬಹುದಿತ್ತು. ಆದರೆ ಸ್ವರ ಕಿವಿಗೆ ಗೊತ್ತಾಗುತ್ತದೆ, ಅಂಕೆ ಗೊತ್ತಾಗುವುದಿಲ್ಲ. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ನಾನೇ ತಿದ್ದಿದ್ದು ಕಣಮ್ಮ. ಹೊಟ್ಟೆಕಿಚ್ಚು ತಡೀಲಿಲ್ಲ."

ಸುಧಾ ಅವರ ಮುಖ ಕೆಂಪಾಯಿತು. "ನಿಮ್ಮ ಹಾಡು ಇಷ್ಟ ಆತು ಅಂತ ನಾಲ್ಕು ದಿನ ಕೂತು ಹಾಕಿದ್ದೆ ಸಾರ್. ಬ್ಯಾಡ ಅಂತ ಒಂದು ಮಾತು ಹೇಳಿದ್ರೆ ತೆಗೀತಿದ್ದೆ" ಎಂದರು. ಆಮೇಲೆ, "ನಾನು ಯಾರಿಗೂ ಹೇಳಲ್ಲ. ಮಕ್ಕಳಿಗೆ ನೀವೇ ಹೇಳ್ರಿ" ಎಂದು ಬೆನ್ನು ತಿರುಗಿಸಿ ನಳಿಕೆ ತೊಳೆಯಲು ನಿಂತರು.

ಮರುದಿನ ಬೀರಲಿಂಗಪ್ಪನವರು ಹಾರ್ಮೋನಿಯಂ ಹೊತ್ತು ತಂದರು. ಮೈಕಿನ ಮುಂದೆ ನಿಂತು, "ಮೇಡಂ ಸರಿಯಾಗೇ ಹಾಕಿದ್ರು. ಅದನ್ನ ಕೆಡಿಸಿದ್ದು ನಾನು" ಎಂದರು. ಬಸವರಾಜಪ್ಪನವರು ಬೆಪ್ಪಾಗಿ ನೋಡಿದರು. ಮಕ್ಕಳ ಬಾಯಿಂದ ಆ ಸ್ವರ ಬಿಡಿಸಲು ದಸರಾ ರಜೆಯ ತನಕ ಬೇಕಾಯಿತು.

ಸುಧಾ ಬಹಳ ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಡೈರಿಯನ್ನು ಮೇಜಿನ ಮೇಲೆ ಬಿಡುವುದನ್ನೂ ನಿಲ್ಲಿಸಿದರು. ರಜೆ ಮುಗಿದ ಮೇಲೆ ಒಂದು ದಿನ ತಾವಾಗಿಯೇ ಬಂದು, "ಸ್ವರ ಕಿವೀಲೇ ಗುರುತು ಹಿಡಿಯಾಕೆ ಕಲಿಸ್ತೀರಾ ಸಾರ್?" ಎಂದು ಕೇಳಿದರು. ಒಲ್ಲೆ ಎನ್ನಲು ಮೇಷ್ಟ್ರಿಗೆ ಮುಖವಿರಲಿಲ್ಲ. ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ಮೇಲೆ ಪಾಠ ನಡೆಯಿತು. ಐದನೆಯ ತಿಂಗಳಲ್ಲಿ, ಮೇಷ್ಟ್ರು ಕಾಣದಂತೆ ಒತ್ತಿದ ಹತ್ತು ಸ್ವರಗಳಲ್ಲಿ ಒಂಬತ್ತನ್ನು ಸುಧಾ ಸರಿಯಾಗಿ ಹೇಳಿದರು.

ಅಂದು ಸಂಜೆ ಮೇಷ್ಟ್ರು ಊಟಕ್ಕೆ ಏಳಲಿಲ್ಲ. ಹೆಂಡತಿ ಕರಿಬಸಮ್ಮ ಕಾರಣ ಕೇಳಿದರು.

"ಆ ಹುಡುಗಿ ಐದು ತಿಂಗಳಿಗೆ ಕಲ್ತಳು ಕಣೇ. ನಂಗೆ ಹನ್ನೊಂದು ವರ್ಷ ಹಿಡೀತು."

"ಹೊಟ್ಟೆ ಉರ್ಕೊಳ್ಳಾಕಾದ್ರೂ ಹೊಟ್ಟೇಲಿ ಏನಾದ್ರೂ ಇರಬೇಕಲ್ರೀ. ಏಳ್ರಿ, ಮುದ್ದೆ ಆರ್ತೈತೆ" ಎಂದರು ಕರಿಬಸಮ್ಮ.

ಮೇಷ್ಟ್ರು ಎದ್ದು ಉಂಡರು. ಉರಿ ಹೋಗಿರಲಿಲ್ಲ. ಗುರುವಾರ ಸುಧಾ ಬಂದಾಗ ಹಾರ್ಮೋನಿಯಂ ಎಳೆದುಕೊಂಡು ಮುಂದಿನ ಪಾಠ ಶುರು ಮಾಡಿದರು.