ಮುಖ್ಯಸ್ಥರ ಕಂಪ್ಯೂಟರಿಗೂ ಸಮಪಾಲು

ಹಾಸನದ ಕಾಲೇಜೊಂದರಲ್ಲಿ ನಾನು ಪಿಎಚ್‌ಡಿ ಮಾಡುವಾಗ ನನ್ನ ಗೈಡ್ ಆಗಿದ್ದವರು ವಿಭಾಗದ ಮುಖ್ಯಸ್ಥರೇ. ಚನ್ನರಾಯಪಟ್ಟಣದ ಕಡೆಯವರು. ಊರಲ್ಲಿ ಅಣ್ಣತಮ್ಮಂದಿರ ಜಮೀನು ಪಾಲು ಮಾಡಿಸುವ ಪಂಚಾಯ್ತಿ ತಾವಿಲ್ಲದೆ ನಡೆಯುವುದಿಲ್ಲ ಎಂಬ ಹೆಮ್ಮೆ ಅವರಿಗೆ. ಅಷ್ಟೇ ಹೆಮ್ಮೆ ತಮ್ಮ ಕೋಣೆಯ ಹಳೆಯ ಕಂಪ್ಯೂಟರಿನ ಮೇಲೂ ಇತ್ತು. ಅದು ಆನ್ ಆಗುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು.

ಭೂಮಿ ನಡುಗಿದರೆ ಹೊಳೆಯ ಮೇಲಿನ ಸೇತುವೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಸೇತುವೆಯನ್ನೂ ಅದರಡಿಯ ಮಣ್ಣನ್ನೂ ಬಲೆಯಂತೆ ಸಾವಿರಾರು ತುಂಡು ಮಾಡಿ, ಕಂಪ್ಯೂಟರುಗಳಿಗೆ ಹಂಚಬೇಕು. ಪ್ರತಿ ಸುತ್ತಿನಲ್ಲೂ ಎಲ್ಲವೂ ತಂತಮ್ಮ ಪಾಲು ಮುಗಿಸುವ ತನಕ ಯಾವುದೂ ಮುಂದೆ ಹೋಗುವಂತಿಲ್ಲ. ಈ ಲೆಕ್ಕವಾಗದೆ ನನಗೆ ಪದವಿಯಿಲ್ಲ. ಲ್ಯಾಬಿಗೆ ಬಂದಿದ್ದ ಮೂರು ಹೊಸ ಕಂಪ್ಯೂಟರುಗಳೇ ಸಾಕಿದ್ದವು. ಮುಖ್ಯಸ್ಥರು ತಮ್ಮದನ್ನೂ ಸೇರಿಸಿದರು. ಹೊಸವು ಮೂರೂ ಕೈಕಟ್ಟಿ ಅದರ ದಾರಿ ಕಾಯುತ್ತ ಕೂತವು.

"ಸಾರ್, ನಿಮ್ಮದಕ್ಕೆ ಸ್ವಲ್ಪ ಕಡಿಮೆ ಕೊಡೋಣ," ಎಂದೆ.

"ಪಾಲು ಅಂದ್ಮೇಲೆ ಸಮ ಇರ್ಬೇಕು ಕಣಮ್ಮ. ನಮ್ದುಕ್ಕೆ ಕಮ್ಮಿ ಕೊಟ್ರೆ ನೋಡ್ದೋರು ಏನಂದ್ಕತ್ತಾರೆ?"

ಕಂಪ್ಯೂಟರಿಗೂ ಮಾನ ಮರ್ಯಾದೆ! ಇವರ ಹತ್ತಿರ ವಾದಿಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಸರಿ, ತುಂಡುಗಳ ಎಣಿಕೆಯಲ್ಲಿ ಸಮ ಮಾಡಿದೆ. ಬಿರುಕು ಬಿಡುವ ಕಂಬದ ತುಂಡುಗಳ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ಅವನ್ನು ಹೊಸವಕ್ಕೆ ಕೊಟ್ಟೆ. ಆಳದ ಮಣ್ಣಿನದು ಒಂದೇ ಸಲಕ್ಕೆ ಮುಗಿಯುವ ಲೆಕ್ಕ, ಅದು ಹಳೆಯದಕ್ಕೆ. ಊರಲ್ಲಿ ಗದ್ದೆ ಯಾವುದು, ಕಲ್ಲುಭೂಮಿ ಯಾವುದು ಎಂದು ಓಡಾಡಿ ನೋಡುವ ಮಹಾನುಭಾವರು ಇಲ್ಲಿ ನಾಲ್ಕೂ ಅಂಕಿ ಒಂದೇ ಇರುವುದನ್ನು ಕಂಡು ತಲೆಯಾಡಿಸಿದರು.

ಲೆಕ್ಕ ಸಲೀಸಾಗಿ ಓಡಿತು. ಪ್ರತಿ ಸುತ್ತಿನಲ್ಲೂ ಅವರದೇ ಮೊದಲು.

"ನೋಡ್ದಾ? ಸಮ ಕೊಟ್ರೂ ನಮ್ದೇ ಮೊದ್ಲು ಮುಗುಸ್ತು. ಅಳೇ ಮಾಲು ಅಂದ್ರೆ ಅಳೇ ಮಾಲೇ ಕಣಮ್ಮ."

ಅರಕಲಗೂಡಿನ ಬಸ್ಸಿನಲ್ಲಿ ಮನೆ ಸೇರುವ ತನಕ ಒಳಗೊಳಗೇ ನಕ್ಕೆ. ಇನ್ನು ಕೊನೆಯ ಅಧ್ಯಾಯದ ಲೆಕ್ಕವೊಂದೇ ಬಾಕಿಯಿತ್ತು.

ಸೋಮವಾರ ಹೋಗಿ ನೋಡಿದರೆ ಲ್ಯಾಬಿನ ಮೇಜುಗಳು ಖಾಲಿ.

"ಎಕ್ಸಾಮ್ ಸೆಕ್ಷನ್ನೋರು ಮಾರ್ಕ್ಸ್ ಟೈಪ್ ಮಾಡಕ್ಕೆ ಕೇಳ್ತಿದ್ರು, ಮೂರೂ ಕೊಟ್ಬುಟ್ಟೆ," ಎಂದರು ಮುಖ್ಯಸ್ಥರು. "ಎಂಗೂ ಅವು ನಿಧಾನ. ನೀನು ನಂದ್ರಲ್ಲೇ ಮಾಡ್ಕೊ."

ನಿಜ ಹೇಳೋಣವೆಂದರೆ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅವರೇ. "ಥ್ಯಾಂಕ್ಸ್ ಸಾರ್," ಎಂದೆ. ಕೊನೆಯ ಅಧ್ಯಾಯಕ್ಕೆ ಇನ್ನೊಂದು ವರ್ಷ ಹಿಡಿಯಿತು.